ಅಕ್ಷರವೇ ಇಲ್ಲದ ಐದು ಬಣ್ಣದ ಪುಸ್ತಕ: ಮನೆಯವರೆಲ್ಲ ಸೇರಿ ಬಳಸಿದ ಮೇಲೆ ಬರೀತಿರೋ ರಿವ್ಯೂ

ವರ್ಡ್‌ಲೆಸ್ ಬುಕ್ ಅಂತ ಇದರ ಹೆಸರು. ಒಳಗೆ ಒಂದಕ್ಷರ ಇಲ್ಲ, ಒಂದು ಚಿತ್ರ ಇಲ್ಲ, ಪುಟದ ನಂಬರ್ ಕೂಡ ಇಲ್ಲ, ಬರೀ ಬಣ್ಣ. ಹೊರಗಿನ ರಟ್ಟು ಹಸಿರು, ತೆಗೆದ್ರೆ ಮೊದಲು ಚಿನ್ನದ ಬಣ್ಣ, ಆಮೇಲೆ ಕಪ್ಪು, ಆಮೇಲೆ ಕೆಂಪು, ಆಮೇಲೆ ಬಿಳಿ, ಅಲ್ಲಿಗೆ ಮುಗೀತು. ಒಂದೊಂದು ಬಣ್ಣ ತೋರಿಸ್ತಾ ಸುವಾರ್ತೆ, ಅಂದ್ರೆ ಯೇಸುವಿನ ಶುಭಸಮಾಚಾರ, ಹೇಳೋಕೆ ಇದು. ಸಂಡೇ ಸ್ಕೂಲ್ ಟೀಚರ್‌ಗಳಿಗೆ ಇದು ಚೆನ್ನಾಗಿ ಗೊತ್ತಿರೋ ಸಾಮಾನು, ಆದ್ರೆ ನಾನು ಬರೀತಿರೋದು ಮನೇಲಿ ಬಳಸೋದರ ಬಗ್ಗೆ. ಯೇಸು ಸ್ವಾಮಿ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡು ಅಂದ್ರೆ ಗಂಟಲು ಕಟ್ಟೋ ಅಪ್ಪ ಅಮ್ಮ, ಫ್ರೆಂಡ್ಸ್ ಏನಂದ್ಕೋತಾರೋ ಅಂತ ಮುದುಡಿಕೊಳ್ಳೋ ಮಕ್ಕಳು, ಇಂಥ ಮನೆಗೆ ಇದರಿಂದ ಉಪಯೋಗ ಇದೆಯಾ ಅಂತ ತುಂಬ ಜನ ಕೇಳ್ತಾರೆ. ಇದೆ, ಖಂಡಿತ ಇದೆ, ಆದ್ರೆ ಕೊಳ್ಳೋವಾಗ ಎಲ್ಲರೂ ಅಂದ್ಕೊಳ್ಳೋ ಥರದ ಉಪಯೋಗ ಬೇರೆ, ನಿಜವಾಗ್ಲೂ ಆಗೋ ಉಪಯೋಗ ಬೇರೆ. ಅದನ್ನ ಸ್ವಲ್ಪ ಬಿಡಿಸಿ ಬರೀತೀನಿ, ಉದ್ದ ಆದ್ರೂ ಓದಿ.

ಮೊದಲು ಸಾಮಾನಿನ ವಿಷಯ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳೋ ಸೈಜಿಂದ ಹಿಡಿದು ಕ್ಲಾಸಲ್ಲಿ ಎತ್ತಿ ತೋರಿಸೋ ದೊಡ್ಡ ಸೈಜ್ ತನಕ ಬರುತ್ತೆ. ನಮ್ಮ ಹತ್ರ ಇರೋದು ಚಿಕ್ಕದು, ನಡುವೆ ಎರಡು ಪಿನ್ ಹೊಡೆದಿರೋದು. ಪೇಪರ್ ದಪ್ಪ ಇದೆ, ಒಂದು ಪುಟದ ಬಣ್ಣ ಇನ್ನೊಂದು ಪುಟದಲ್ಲಿ ಇಣುಕಲ್ಲ, ಇದು ಸಣ್ಣ ವಿಷಯ ಅನ್ಕೋಬೇಡಿ, ಬಿಳಿ ಪುಟ ತೋರಿಸಿ ದೇವರು ಪೂರ್ತಿ ತೊಳೀತಾನೆ ಅಂತ ಹೇಳೋವಾಗ ಹಿಂದಿಂದ ಕಪ್ಪು ಕಾಣಿಸ್ತಿದ್ರೆ ಮಕ್ಕಳು ತಕ್ಷಣ ಕೇಳ್ತಾರೆ. ಚಿನ್ನದ ಪುಟ ಹೊಳೆಯುತ್ತೆ, ಚಿಕ್ಕವನು ಅದರಲ್ಲಿ ಮುಖ ನೋಡ್ಕೋತಾನೆ, ಬೆರಳಚ್ಚು ಬೇಗ ಕೂರುತ್ತೆ ಆದ್ರೆ ಒರೆಸಿದ್ರೆ ಹೋಗುತ್ತೆ. ಬಿಳಿ ಪುಟಾನೇ ಕಷ್ಟ. ಅದಕ್ಕೆ ಕೋಟಿಂಗ್ ಇಲ್ಲ, ಎಲ್ಲರ ಕೈ ಓಡಾಡಿ ಅಂಚು ಕಂದು ಬಣ್ಣಕ್ಕೆ ತಿರುಗುತ್ತೆ. ಇಡೀ ಪುಸ್ತಕದಲ್ಲಿ ಕೊಳೆ ಆಗಬಾರದ ಪುಟ ಯಾವುದೋ ಅದೇ ಮೊದಲು ಕೊಳೆ ಆಗುತ್ತೆ. ತಂದ ದಿನವೇ ಆ ಪುಟಕ್ಕೆ ಟ್ರಾನ್ಸ್‌ಪರೆಂಟ್ ಟೇಪೋ, ಪ್ಲಾಸ್ಟಿಕ್ ಕವರೋ ಹಾಕಿಬಿಡಿ.

ಇದರ ಹಿಂದಿನ ಕಥೆ ಗೊತ್ತಾದ ಮೇಲೆ ನನಗೆ ಇದರ ಮೇಲಿನ ಪ್ರೀತಿ ಜಾಸ್ತಿ ಆಯ್ತು. 1866ರಲ್ಲಿ ಲಂಡನ್ನಿನ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಒಂದು ಪ್ರಸಂಗದಲ್ಲಿ 51ನೇ ಕೀರ್ತನೆ ಇಟ್ಕೊಂಡು ಮಾತಾಡಿದ್ರು, ನನ್ನನ್ನು ತೊಳೆ, ಹಿಮಕ್ಕಿಂತ ಬೆಳ್ಳಗಾಗ್ತೀನಿ ಅಂತ ದಾವೀದ ಬೇಡಿಕೊಳ್ಳೋ ಮಾತು ಇದೆಯಲ್ಲ, 7ನೇ ವಚನ, ಅದು. ಆಗ ಅವರು ಒಬ್ಬ ವಯಸ್ಸಾದ ದೇವಸೇವಕರ ಬಗ್ಗೆ ಹೇಳಿದ್ರು. ಆ ಹಿರಿಯರು ಮೂರು ಹಾಳೆ ಜೋಡಿಸಿ ಇಟ್ಕೊಂಡಿದ್ರು, ಕಪ್ಪು, ಕೆಂಪು, ಬಿಳಿ, ಆಗಾಗ ತೆಗೆದು ನೋಡ್ಕೋತಿದ್ರು. ತಮ್ಮ ಪಾಪ, ಕ್ರಿಸ್ತನ ರಕ್ತ, ತಮಗೆ ಸಿಕ್ಕ ಶುದ್ಧಿ, ಇದನ್ನ ಮರೀಬಾರದು ಅಂತ. ಅಂದ್ರೆ ಈ ಪುಸ್ತಕ ಶುರುವಾಗಿದ್ದೇ ಬೇರೆಯವರಿಗೆ ತೋರಿಸೋಕಲ್ಲ, ಒಬ್ಬ ಮನುಷ್ಯ ತಾನೇ ಒಬ್ಬನೇ ಕೂತು ನೋಡಿಕೊಳ್ಳೋಕೆ. ಆಮೇಲೆ 1875ರಲ್ಲಿ ಅಮೆರಿಕದ ಪ್ರಸಂಗಿ ಡಿ. ಎಲ್. ಮೂಡಿ ಪರಲೋಕಕ್ಕೆ ಅಂತ ಚಿನ್ನದ ಬಣ್ಣ ಸೇರಿಸಿದ್ರು, ಹಸಿರು ಇನ್ನೂ ಎಷ್ಟೋ ವರ್ಷ ಆದ ಮೇಲೆ ಬಂತು. ನಮ್ಮ ದೇಶದಲ್ಲಿ ಸೇವೆ ಮಾಡಿದ ಮಿಷನರಿ ಆಮಿ ಕಾರ್ಮೈಕಲ್ ಈ ಬಣ್ಣಗಳನ್ನೇ ಸ್ಯಾಟಿನ್ ಬಟ್ಟೆಯ ಬಾವುಟ ಮಾಡಿಸಿಕೊಂಡು ಅದನ್ನ ತೋರಿಸಿ ಸುವಾರ್ತೆ ಹೇಳ್ತಿದ್ರು. ಎಷ್ಟೋ ಭಕ್ತಿಗೀತೆ ಬರೆದ, ಕಣ್ಣು ಕಾಣದ ಫ್ಯಾನಿ ಕ್ರಾಸ್ಬಿ ಕೂಡ ಇದನ್ನ ಬಳಸಿದವರಲ್ಲಿ ಒಬ್ಬರು, ಬಣ್ಣ ನೋಡಲಾಗದವರು ಬಣ್ಣದ ಪುಸ್ತಕ ಹಿಡಿದು ಮಕ್ಕಳಿಗೆ ಹೇಳ್ತಿದ್ರು ಅಂದ್ರೆ ಯೋಚನೆ ಮಾಡಿ.

ಈಗ ಒಂದೊಂದೇ ಪುಟ. ಚಿನ್ನದ ಪುಟಕ್ಕೆ ಯೋಹಾನ 3:16, ದೇವರು ಲೋಕವನ್ನ ಎಷ್ಟೋ ಪ್ರೀತಿಸಿದನು ಅನ್ನೋದು. ಪ್ರಕಟಣೆ 21ರಲ್ಲಿ ಬರೋ ಚಿನ್ನದ ಬೀದಿ ಮಕ್ಕಳಿಗೆ ಬಲು ಇಷ್ಟ. ಸ್ಪರ್ಜನ್ ಕಾಲದಲ್ಲಿ ಕಪ್ಪಿನಿಂದ ಶುರುವಾಗ್ತಿದ್ದಿದ್ದು ಈಗ ಚಿನ್ನದಿಂದ ಶುರುವಾಗುತ್ತೆ, ನನಗೆ ಇದೇ ಸರಿ ಅನ್ಸುತ್ತೆ, ಮೊದಲ ಮಾತೇ ದೇವರ ಪ್ರೀತಿ ಆಗಿರ್ಲಿ, ಬೈಬಲ್ ಕೂಡ ಆದಿಕಾಂಡದಲ್ಲಿ ಎಲ್ಲವೂ ಒಳ್ಳೇದಾಗಿತ್ತು ಅಂತ ಹೇಳಿ ಆಮೇಲೆ ತಾನೇ ಪಾಪದ ವಿಷಯಕ್ಕೆ ಬರೋದು.

ಕಪ್ಪು ಪುಟದ ಹತ್ರ ನಿಂತು ಎರಡು ಮಾತು ಹೇಳಲೇಬೇಕು. ಒಂದು, ಕಪ್ಪು ಬಣ್ಣ ಕೆಟ್ಟದ್ದು ಅಂತ ಮಗುವಿಗೆ ಹೇಳಬೇಡಿ, ದಯವಿಟ್ಟು. ಎದುರಿಗೆ ಕೂತಿರೋ ಮಗುವಿನ ಮೈಬಣ್ಣ ಕಪ್ಪಿರಬಹುದು, ಶಾಲೇಲಿ ಆಗಲೇ ಮಾತು ಕೇಳಿಸಿಕೊಂಡು ಬಂದಿರಬಹುದು, ನಾವು ದೇವರ ಹೆಸರಲ್ಲಿ ಅದೇ ಗಾಯದ ಮೇಲೆ ಬರೆ ಎಳೆದಂಗಾಗುತ್ತೆ. ಈಗ ತುಂಬ ಜನ ಟೀಚರ್‌ಗಳು ಈ ಪುಟಕ್ಕೆ ಕತ್ತಲೆ ಅಂತಾನೇ ಹೇಳ್ತಾರೆ, ನಾವೂ ಹಾಗೇ ಹೇಳೋದು. ಕತ್ತಲಲ್ಲಿ ದಾರಿ ಕಾಣಲ್ಲ, ದೇವರು ಬೆಳಕು, ಅವನಿಂದ ದೂರ ಹೋದ್ರೆ ಕತ್ತಲೆ. 1 ಯೋಹಾನ 1:5ರಲ್ಲಿ ಇರೋದೂ ಅದೇ. ಎರಡನೇದು, ಈ ಪುಟಕ್ಕೆ ರೋಮಾಪುರ 3:23 ಹೇಳ್ತಾರೆ, ಎಲ್ಲರೂ ಪಾಪ ಮಾಡಿದ್ದಾರೆ ಅಂತ. ಮಕ್ಕಳು ಅದನ್ನ ಕಲಿತು ಎದುರಿಗಿರೋರನ್ನ ನೋಡಿ ನೀವು ಪಾಪ ಮಾಡಿದೀರ ಅಂತ ಅಂದುಬಿಡ್ತಾರೆ, ಅವರ ತಪ್ಪಲ್ಲ, ವಾಕ್ಯ ಹಾಗೇ ಬಾಯಿಗೆ ಬರುತ್ತೆ. ಅದಕ್ಕೆ ನಮ್ಮನೇಲಿ ಒಂದು ರೂಲ್ ಇದೆ, ಕತ್ತಲೆ ಪುಟಕ್ಕೆ ಬಂದಾಗ ನಾನು ಅಂತಾನೇ ಶುರು ಮಾಡ್ಬೇಕು. ಈ ರೂಲ್ ಹೇಳಿದ ಸಂಜೆ ಚಿಕ್ಕವನು ಪುಟ ತೆಗೆದು, ನಾನು ಅಕ್ಕನ ಜಾಮಿಟ್ರಿ ಬಾಕ್ಸ್ ಮುರಿದು ನಾನಲ್ಲ ಅಂತ ಸುಳ್ಳು ಹೇಳಿದ್ದೆ ಅಂದ. ಅಕ್ಕ ಪಕ್ಕದಲ್ಲೇ ಕೂತಿದ್ಲು, ಅವಳಿಗೆ ಅದೇ ಮೊದಲು ಗೊತ್ತಾಗಿದ್ದು. ಸ್ವಲ್ಪ ಹೊತ್ತು ಅವನ ಮುಖಾನೇ ನೋಡಿ, ಸರಿ ಬಿಡೋ, ಮುಂದಿನ ಪುಟ ತೆಗಿ ಅಂದ್ಲು. ಕ್ಷಮಾಪಣೆ ಬಗ್ಗೆ ನಾನು ಎಷ್ಟು ಹೇಳಿದ್ರೂ ಅಷ್ಟು ಚೆನ್ನಾಗಿ ಹೇಳಕ್ಕಾಗ್ತಿರಲಿಲ್ಲ.

ಕೆಂಪು ಪುಟ ನಮ್ಮತ್ತೆಯವರದು. ಅವರಿಗೆ ಈಗ ಸಣ್ಣ ಅಕ್ಷರ ಓದಕ್ಕಾಗಲ್ಲ, ಬೈಬಲ್ ಓದೋಕೆ ಯಾರಾದ್ರೂ ಪಕ್ಕದಲ್ಲಿ ಬೇಕು, ಈ ಪುಸ್ತಕ ಮಾತ್ರ ಅವರೇ ಹಿಡ್ಕೊಂಡು ಅವರೇ ಹೇಳ್ತಾರೆ. ಮಕ್ಕಳು ಕೆಂಪು ಪುಟಕ್ಕೆ ಯೇಸು ನಮಗೋಸ್ಕರ ಶಿಲುಬೆ ಮೇಲೆ ಸತ್ರು ಅಂತ ಹೇಳಿ ಪುಟ ತಿರುಗಿಸೋಕೆ ಹೋದ್ರೆ ಅತ್ತೆ ಕೈ ಅಡ್ಡ ಇಡ್ತಾರೆ. "ಅಲ್ಲೇ ನಿಲ್ಲಿಸಬೇಡ್ರೋ, ಮೂರನೇ ದಿನದ್ದು ಯಾರು ಹೇಳ್ತಾರೆ?" ಅಂತ. ಅವರು ಹೇಳೋದು ನಿಜ, ಈ ಪುಸ್ತಕದ ದೊಡ್ಡ ಕೊರತೆ ಅಲ್ಲೇ ಇದೆ, ಪುನರುತ್ಥಾನಕ್ಕೆ ಅಂತ ಬೇರೆ ಬಣ್ಣ ಇಲ್ಲ. 1 ಕೊರಿಂಥ 15ರಲ್ಲಿ ಪೌಲ ಸುವಾರ್ತೆ ಅಂದ್ರೆ ಏನು ಅಂತ ಹೇಳೋವಾಗ ಸತ್ತನು, ಹೂಣಲ್ಪಟ್ಟನು, ಮೂರನೇ ದಿನ ಎದ್ದು ಬಂದನು, ಮೂರನ್ನೂ ಒಟ್ಟಿಗೆ ಹೇಳ್ತಾನೆ. ಕೆಂಪು ಪುಟದಲ್ಲಿ ಅರ್ಧ ಹೇಳಿ ಬಿಟ್ರೆ ಕೇಳಿದವರಿಗೆ ಒಬ್ಬ ಒಳ್ಳೇ ಮನುಷ್ಯನ ಸಾವಿನ ಕಥೆ ಮಾತ್ರ ಸಿಗುತ್ತೆ. ಹಾಗಾಗಿ ಕೆಂಪು ಪುಟದಲ್ಲಿ ಇದ್ದಾಗಲೇ ಎದ್ದು ಬಂದಿದ್ದನ್ನೂ ಸೇರಿಸಿ ಹೇಳೋ ಅಭ್ಯಾಸ ಮಾಡಿಸಿ. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಅಂತ ಪೌಲ ಬರೀತಾನಲ್ಲ, ಅದಾದ ಎರಡೇ ವಚನಕ್ಕೆ ದೇವರು ನಮಗೆ ಕೊಟ್ಟಿರೋದು ಹೇಡಿತನದ ಆತ್ಮ ಅಲ್ಲ ಅಂತ ಬರುತ್ತೆ, 2 ತಿಮೊಥೆಯ 1:7. ಧೈರ್ಯದ ಮಾತಿಗೆ ಮುಂಚೆ ಅಜ್ಜಿ ಮಾತು ಬಂದಿರೋದು ನನಗೆ ತುಂಬ ಹಿಡಿಸುತ್ತೆ.

ಬಿಳಿ ಪುಟ ನಮ್ಮನೆಯವರಿಗೆ ಬಂತು. ಅವರು ಮಾತು ಕಡಿಮೆ. ಸಭೇಲಿ ಸಾಕ್ಷಿ ಹೇಳಿ, ಅಂದ್ರೆ ದೇವರು ನಿಮ್ಮ ಬದುಕಲ್ಲಿ ಮಾಡಿದ್ದನ್ನ ಹೇಳಿ, ಅಂದ್ರೆ ಹಿಂದಿನ ಬೆಂಚಿಗೆ ಹೋಗಿ ಕೂರೋರು, ದೇವರ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಪ್ರಾರ್ಥನೆ ಮಾಡೋದು ಅವರೇ, ಬಾಯಿಬಿಟ್ಟು ಹೇಳೋದು ಅಂದ್ರೆ ಮಾತ್ರ ಆಗಲ್ಲ. ಪುಟ ತೆಗೆದು ಸುಮ್ನೆ ಕೂತಿದ್ರು. ಯೋಹಾನ 1:12 ಹೇಳಿ ಮುಗಿಸ್ತಾರೆ ಅನ್ಕೊಂಡಿದ್ವಿ. ಅವರು ವಚನ ಹೇಳಲಿಲ್ಲ, ಅವರ ಅಣ್ಣನ ವಿಷಯ ತೆಗೆದ್ರು. ಮದುವೆಗೆ ಮುಂಚೆ ಅಣ್ಣತಮ್ಮಂದಿರಿಗೆ ಮನಸ್ತಾಪ ಆಗಿ ಮಾತು ಬಿಟ್ಟಿದ್ದು, ಒಂದೇ ಸಭೆಗೆ ಹೋಗಿ ಬೇರೆ ಬೇರೆ ಬಾಗಿಲಿಂದ ಆಚೆ ಬರ್ತಿದ್ದಿದ್ದು, ಒಂದು ದಿನ ಕ್ಷಮಿಸಿ ಅನ್ನೋ ವಾಕ್ಯ ಓದ್ತಾ ಓದ್ತಾ ದೇವರು ನನ್ನನ್ನ ಇಷ್ಟು ಕ್ಷಮಿಸಿರೋವಾಗ ನಾನು ಯಾಕೆ ಹಿಡ್ಕೊಂಡು ಕೂತಿದೀನಿ ಅನ್ಸಿ ರಾತ್ರಿ ಹೊತ್ತಲ್ಲೇ ಅಣ್ಣನ ಮನೆ ಬಾಗಿಲು ತಟ್ಟಿದ್ದು. ಮಕ್ಕಳಿಗೆ ದೊಡ್ಡಪ್ಪ ಅಂದ್ರೆ ಪ್ರಾಣ, ಅವರಿಗೆ ಇದು ಯಾವುದೂ ಗೊತ್ತೇ ಇರಲಿಲ್ಲ. "ಅಪ್ಪ, ನೀನು ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ಯಾ?" ಅಂತ ದೊಡ್ಡವಳು ಕೇಳಿದ್ಲು. "ಬಿಟ್ಟಿದ್ದೆ ಮಗಳೇ. ನಾನಾಗೇ ಹೋಗ್ತಿರಲಿಲ್ಲ, ಯೇಸು ಕಳಿಸಿದ್ರು" ಅಂದ್ರು.

ಅಷ್ಟೇ ಅವರು ಹೇಳಿದ್ದು, ಆದ್ರೆ ನಮ್ಮನೇಲಿ ಅದಾದ ಮೇಲೆ ಏನೋ ಸಡಿಲ ಆಯ್ತು. ಈ ಪುಸ್ತಕದಿಂದ ನಿಜವಾಗ್ಲೂ ಸಿಗೋದು ಇದೇ ಅಂತ ನಾನು ನಂಬ್ತೀನಿ. ಹೊರಗಿನವರಿಗೆ ಹೇಳೋಕೆ ಧೈರ್ಯ ಬರ್ಲಿ ಅಂತ ನಾವೆಲ್ಲ ಪ್ರಾರ್ಥನೆ ಮಾಡ್ತೀವಿ, ಟ್ರೇನಿಂಗ್ ಮಾಡ್ತೀವಿ, ಒಂದೇ ಸೂರಿನ ಕೆಳಗೆ ಇರೋರು ಮಾತ್ರ ಒಬ್ಬರ ಸಾಕ್ಷಿ ಒಬ್ಬರು ಕೇಳಿರಲ್ಲ. ಗಂಡನ ಸಾಕ್ಷಿ ಹೆಂಡತಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಅಜ್ಜಿ ಹೇಗೆ ನಂಬಿಕೆಗೆ ಬಂದ್ರು ಅಂತ ಮೊಮ್ಮಕ್ಕಳು ಕೇಳೇ ಇಲ್ಲ. ಧರ್ಮೋಪದೇಶಕಾಂಡ 6ರಲ್ಲಿ ಮನೇಲಿ ಕೂತಿರೋವಾಗ, ದಾರೀಲಿ ನಡೆಯೋವಾಗ, ಮಲಗೋವಾಗ, ಏಳೋವಾಗ ಮಕ್ಕಳ ಹತ್ರ ಇದರ ಬಗ್ಗೆ ಮಾತಾಡಿ ಅಂತ ಇದೆ. ಇಲ್ಲಿ ಐದು ಬಣ್ಣ ಇರೋದ್ರಿಂದ ಎಲ್ಲರಿಗೂ ಒಂದೊಂದು ಪಾಲು ಸಿಗುತ್ತೆ, ಪೂರ್ತಿ ಸುವಾರ್ತೆ ಒಬ್ಬರೇ ಹೇಳ್ಬೇಕು ಅನ್ನೋ ಭಾರ ಇಲ್ಲ, ನಾಚಿಕೆ ಸ್ವಭಾವದವರು ಒಂದೇ ಪುಟ ಹೇಳಿದ್ರೆ ಸಾಕು, ತಪ್ಪಿದ್ರೆ ಪಕ್ಕದವರು ಎತ್ತಿಕೊಡ್ತಾರೆ.

ಹಸಿರು ರಟ್ಟು ಬೆಳವಣಿಗೆಗೆ, 2 ಪೇತ್ರ 3:18. ಪ್ರಾರ್ಥನೆ, ವಾಕ್ಯ, ಸಭೆ, ಸಾಕ್ಷಿ. ಇದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ಚೆನ್ನಾಗಿದೆ.

ಈಗ ಹೊರಗಿನವರ ವಿಷಯ. ದೊಡ್ಡವಳಿಗೆ ಇರೋ ಭಯ ಏನು ಅಂತ ಕೇಳಿದಾಗ ಅವಳು ಹೇಳಿದ್ದು ನನ್ನ ಮನಸ್ಸಲ್ಲೇ ಉಳಿದಿದೆ. ಕ್ಲಾಸಲ್ಲಿ ನಗ್ತಾರೆ ಅನ್ನೋದು ಸ್ವಲ್ಪ, ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳ್ತಾರೆ ಅನ್ನೋದು ಸ್ವಲ್ಪ, ಎಲ್ಲಕ್ಕಿಂತ ಜಾಸ್ತಿ, "ನಾನು ಹೇಗಿರ್ತೀನಿ ಅಂತ ಅವಳಿಗೆ ಗೊತ್ತಲ್ಲಮ್ಮ" ಅಂದ್ಲು. ದೊಡ್ಡವರ ಭಯಾನೂ ಇದೇ ಅಲ್ವಾ, ನಮ್ಮ ಸಿಟ್ಟು, ನಮ್ಮ ಜಗಳ ಎಲ್ಲ ಪಕ್ಕದ ಮನೆಗೆ ಕೇಳಿಸಿರುತ್ತೆ, ಇನ್ನು ಯಾವ ಬಾಯಲ್ಲಿ ಯೇಸು ಹೆಸರು ಹೇಳೋದು ಅಂತ. ಕತ್ತಲೆ ಪುಟದಲ್ಲಿ ನಾನು ಅಂತ ಶುರು ಮಾಡೋ ಅಭ್ಯಾಸ ಇಲ್ಲಿ ಕೈ ಹಿಡಿಯುತ್ತೆ. ನಾವು ಒಳ್ಳೆಯವರು ಅಂತ ಹೇಳೋಕೆ ಹೋಗ್ತಿಲ್ಲ, ನಮ್ಮನ್ನ ಸಹಿಸಿಕೊಂಡವನು ಒಳ್ಳೆಯವನು ಅಂತ ಹೇಳೋಕೆ ಹೋಗ್ತಿರೋದು, ಹಾಗಾಗಿ ನಾವು ಹೇಗಿರ್ತೀವಿ ಅಂತ ಎದುರಿಗಿರೋರಿಗೆ ಗೊತ್ತಿದ್ರೆ ಅದು ಅಡ್ಡಿ ಆಗಬೇಕಾಗಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ, ಗೊತ್ತಿಲ್ಲ, ಅಪ್ಪನ್ನ ಕೇಳಿ ಹೇಳ್ತೀನಿ ಅಂತ ಹೇಳೋದನ್ನೂ ಮನೇಲೇ ಅಭ್ಯಾಸ ಮಾಡಿಸಿ. ಯೋಹಾನ 9ರಲ್ಲಿ ಹುಟ್ಟು ಕುರುಡ ಕಣ್ಣು ಬಂದ ಮೇಲೆ ಹೇಳೋದೂ ಇಷ್ಟೇ ತಾನೇ, ಅದು ನನಗೆ ಗೊತ್ತಿಲ್ಲ, ಕುರುಡನಾಗಿದ್ದೆ ಈಗ ಕಾಣುತ್ತೆ ಇದು ಮಾತ್ರ ಗೊತ್ತು ಅಂತ.

ಕೊನೆಗೆ ಅವಳು ಫ್ರೆಂಡ್ ಹತ್ರ ಮಾತಾಡಿದ್ಲು. ಪುಸ್ತಕ ಬ್ಯಾಗಲ್ಲೇ ಇತ್ತು, ತೆಗೀಲೇ ಇಲ್ಲ. ಆ ಹುಡುಗಿ ತನ್ನ ಅಕ್ಕನ ಜೊತೆ ಮಾತು ಬಿಟ್ಟು ಬೇಜಾರಲ್ಲಿದ್ಲು, ಇವಳು ಅಪ್ಪ ಮತ್ತು ದೊಡ್ಡಪ್ಪನ ಕಥೆ ಹೇಳಿದ್ಲು, ಯೇಸು ಕಳಿಸಿದ್ರು ಅಂತ ಅಪ್ಪ ಹೇಳಿದ್ದನ್ನೂ ಸೇರಿಸಿ. ಮನೆಗೆ ಬಂದು ಅದನ್ನ ಹೇಳೋವಾಗ ಅವಳ ಮುಖ ನೋಡ್ಬೇಕಿತ್ತು. ಅವಳ ಫ್ರೆಂಡ್ ಏನೂ ತೀರ್ಮಾನ ಮಾಡಲಿಲ್ಲ, ಹೌದಾ ಅಂದ್ಲಂತೆ ಅಷ್ಟೇ, ಅಷ್ಟಕ್ಕೇ ನಮ್ಮನೇಲಿ ಎಲ್ಲರಿಗೂ ಖುಷಿ. ಕುಷ್ಠರೋಗ ಇದ್ದ ಸೇನಾಪತಿ ನಾಮಾನನ ಮನೇಲಿ ಸೆರೆಯಾಗಿದ್ದ ಆ ಚಿಕ್ಕ ಹುಡುಗಿ ಹೇಳಿದ್ದೂ ಒಂದೇ ಒಂದು ಮಾತು, 2 ಅರಸು 5ರಲ್ಲಿ ಓದಿ ನೋಡಿ, ಸಮಾರ್ಯದ ಪ್ರವಾದಿ ಹತ್ರ ಹೋದ್ರೆ ವಾಸಿ ಆಗುತ್ತೆ ಅಂತ ಯಜಮಾನಿಗೆ ಹೇಳಿದ್ಲು, ಅವಳ ಹೆಸರು ಕೂಡ ಬರೆದಿಲ್ಲ, ಮಿಕ್ಕಿದ್ದೆಲ್ಲ ದೇವರೇ ನೋಡ್ಕೊಂಡ.

ಚಿಕ್ಕವನು ಬೇರೆ ಥರ. ಅವನಿಗೆ ಭಯ ಅನ್ನೋದೇ ಇಲ್ಲ, ಯಾರು ಬಂದ್ರೂ ಪುಸ್ತಕ ಹಿಡ್ಕೊಂಡು ಮುಂದೆ ನಿಲ್ತಾನೆ. ಇಂಥ ಮಕ್ಕಳಿರೋ ಮನೆಯವರು ಗಮನ ಇಟ್ಟು ಓದಿ. ಪರಿಚಯದ ಆಂಟಿ ಬಂದಾಗ ಅವರಾಗೇ ಏನೋ ಅದು ಅಂತ ಕೇಳಿದ್ರೆ ಹೇಳ್ಲಿ, ನಾವು ಪಕ್ಕದಲ್ಲಿರ್ತೀವಿ. ಆದ್ರೆ ಬೇರೆಯವರ ಮಕ್ಕಳಿಗೆ ಹೇಳೋ ಮುಂಚೆ ಆ ಮಕ್ಕಳ ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ಮಕ್ಕಳಿಗೆ ನಮಗೆ ಗೊತ್ತಿಲ್ಲದ ಹಾಗೆ ಯಾರಾದ್ರೂ ತಮ್ಮ ನಂಬಿಕೆ ಹೇಳಿಕೊಟ್ರೆ ನಮಗೆ ಹೇಗಾಗುತ್ತೆ? ಅವನ ಜೊತೆ ಆಡೋಕೆ ಬರೋ ಹುಡುಗನ ತಾಯಿಗೆ ನಾನೇ ಫೋನ್ ಮಾಡಿ ಹೀಗೊಂದು ಪುಸ್ತಕ ಇದೆ, ಯೇಸುವಿನ ಬಗ್ಗೆ ಇದೆ, ಇವನು ತೋರಿಸ್ಬೇಕು ಅಂತಿದಾನೆ, ನಿಮಗೆ ಪರವಾಗಿಲ್ವಾ ಅಂತ ಕೇಳಿದೆ. ಅವರು ಬೇಡ ಅಂದ್ರು, ಬೇಜಾರು ಮಾಡ್ಕೋಬೇಡಿ ಅಂತಾನೂ ಹೇಳಿದ್ರು. ಆಯ್ತು ಅಂದೆ. ಹುಡುಗ ಈಗಲೂ ಬರ್ತಾನೆ, ಇಬ್ಬರೂ ಆಡ್ತಾರೆ, ಆ ತಾಯಿ ಈಗ ನನ್ನ ಹತ್ರ ಮುಂಚೆಗಿಂತ ಬಿಚ್ಚು ಮನಸ್ಸಿಂದ ಮಾತಾಡ್ತಾರೆ. 1 ಪೇತ್ರ 3:15ರಲ್ಲಿ ನಿಮ್ಮಲ್ಲಿರೋ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧವಾಗಿರಿ ಅಂತ ಇದೆ, ಎಲ್ಲರೂ ಅದನ್ನ ಹೇಳ್ತಾರೆ, ಅದರ ಬೆನ್ನಿಗೇ ಸಾತ್ವಿಕತೆಯಿಂದ, ಗೌರವದಿಂದ ಅಂತ ಇರೋದನ್ನ ಓದದೇ ನಿಲ್ಲಿಸಿಬಿಡ್ತಾರೆ. ಬೇಡ ಅಂದವರ ಮುಂದೆ ಪುಸ್ತಕ ಮುಚ್ಚೋಕೂ ಧೈರ್ಯ ಬೇಕು, ಮಕ್ಕಳಿಗೆ ಅದನ್ನೂ ಕಲಿಸ್ಬೇಕು.

ಕೊರತೆಗಳು ಇನ್ನೂ ಇವೆ. ಇದರಲ್ಲಿ ಯೇಸುವಿನ ಸಾವು ಇದೆ, ಜೀವನ ಇಲ್ಲ. ಕುಷ್ಠರೋಗಿಯನ್ನ ಮುಟ್ಟಿದ್ದು, ಜಕ್ಕಾಯನ ಮನೆಗೆ ಅತಿಥಿಯಾಗಿ ಹೋಗಿದ್ದು, ಬಿರುಗಾಳಿ ನಿಲ್ಲಿಸಿದ್ದು, ತಪ್ಪಿ ಹೋದ ಮಗನ ಸಾಮ್ಯ, ಯಾವುದೂ ಈ ಐದು ಬಣ್ಣದಲ್ಲಿ ಬರಲ್ಲ. ಹೊಸದಾಗಿ ಕೇಳೋರಿಗೆ ಈ ಯೇಸು ಯಾರು ಅನ್ನೋದೇ ಗೊತ್ತಿಲ್ಲದೆ ನೇರ ಶಿಲುಬೆಗೆ ಕರ್ಕೊಂಡು ಹೋದ್ರೆ ಅವರಿಗೆ ತಳಬುಡ ಸಿಗಲ್ಲ. ಅದಕ್ಕೆ ಇದರ ಜೊತೆ ಮಾರ್ಕನ ಸುವಾರ್ತೆ ಇಟ್ಕೊಳ್ಳಿ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಆರಾಮಾಗಿ ಓದಿದ್ರೂ ಒಂದು ಮಧ್ಯಾಹ್ನ ಸಾಕು. ನಾವು ಪುಸ್ತಕ ನೋಡಿದವರಿಗೆ ಇನ್ನೂ ತಿಳ್ಕೋಬೇಕಾ ಅಂತ ಕೇಳಿ, ಹೂಂ ಅಂದ್ರೆ ಮಾತ್ರ ಅದನ್ನ ಕೊಡ್ತೀವಿ. ಇನ್ನೊಂದು, ಬಾಯಿಪಾಠ ಆಗಿಬಿಡೋ ಅಪಾಯ. ಮಕ್ಕಳು ಗಡಗಡ ಅಂತ ಒಪ್ಪಿಸಿಬಿಡ್ತಾರೆ, ಕೇಳೋಕೆ ಚೆನ್ನಾಗಿರುತ್ತೆ, ಒಳಗೆ ಏನೂ ಇಳಿದಿರಲ್ಲ. ಪುಟಗಳನ್ನ ಆಗಾಗ ಒಬ್ಬರಿಂದ ಒಬ್ಬರಿಗೆ ಬದಲಾಯಿಸಿ. ಕೆಂಪು ಹಸಿರು ವ್ಯತ್ಯಾಸ ಕಾಣದ ಕಣ್ಣಿನವರೂ ಇರ್ತಾರೆ, ಅವರ ಮುಂದೆ ಬಣ್ಣದ ಹೆಸರು ಬಾಯಲ್ಲಿ ಹೇಳಿಯೇ ತೋರಿಸಿ. ಇದನ್ನ ಸುಮ್ನೆ ಯಾರದೋ ಕೈಗೆ ಕೊಟ್ಟು ಬರೋಕಂತೂ ಆಗಲ್ಲ, ಹೇಳೋರು ಪಕ್ಕದಲ್ಲಿ ಇಲ್ಲ ಅಂದ್ರೆ ಇದು ಬಣ್ಣದ ಕಾಗದ.

ಇದೇ ಬಣ್ಣಗಳ ಮಣಿಯ ಕೈಪಟ್ಟಿ ಸಿಗುತ್ತೆ, ಹೈಸ್ಕೂಲ್ ಮಕ್ಕಳಿಗೆ ಪುಸ್ತಕಕ್ಕಿಂತ ಅದೇ ಮೇಲು, ಅವರು ಪುಸ್ತಕ ತೆಗೆಯೋಕೆ ನಾಚ್ಕೋತಾರೆ, ಕೈಯಲ್ಲಿದ್ರೆ ಯಾರಾದ್ರೂ ಕೇಳ್ತಾರೆ. ತಿರುಗಿಸಿದಂಗೆ ಚಿತ್ರ ಬದಲಾಗೋ ಡಬ್ಬಿ ಥರದ್ದೂ ಬರುತ್ತೆ, ಅದರಲ್ಲಿ ಶಿಲುಬೆ, ಸಮಾಧಿ, ಪುನರುತ್ಥಾನ ಚಿತ್ರದಲ್ಲೇ ಇರೋದ್ರಿಂದ ಅತ್ತೆ ಹೇಳೋ ಕೊರತೆ ಅದಕ್ಕಿಲ್ಲ, ಆದ್ರೆ ಚಿತ್ರ ಎಲ್ಲ ಹೇಳಿಬಿಟ್ರೆ ಹೇಳೋ ಮನುಷ್ಯ ಸುಮ್ಮನಾಗಿಬಿಡ್ತಾನೆ. ಮೊಬೈಲಲ್ಲೂ ನೋಡಿದೀನಿ, ನನಗೆ ಹಿಡಿಸಲಿಲ್ಲ, ಮಧ್ಯೆ ಮೆಸೇಜ್ ಬರುತ್ತೆ, ಎಲ್ಲರ ಗಮನ ಅತ್ತ ಹೋಗುತ್ತೆ.

ಕೊಳ್ಳೋಕೆ ಸಿಗದಿದ್ರೆ ಮನೇಲೇ ಮಾಡ್ಕೋಬಹುದು. ಗೋಲ್ಡ್, ಕಪ್ಪು, ಕೆಂಪು, ಬಿಳಿ ಚಾರ್ಟ್ ಪೇಪರ್ ಒಂದೇ ಅಳತೆಗೆ ಕತ್ತರಿಸಿ, ಬೆನ್ನಿಗೆ ಬೆನ್ನು ಅಂಟಿಸಿ, ಹೊರಗೆ ಹಸಿರು ರಟ್ಟು ಹಾಕಿ ನಡುವೆ ಪಿನ್ ಹೊಡೀರಿ. ಗಮ್ ಜಾಸ್ತಿ ಆದ್ರೆ ಗೋಲ್ಡ್ ಪೇಪರ್ ಸುಕ್ಕಾಗುತ್ತೆ, ಅಂಚಿಗೆ ಮಾತ್ರ ಹಚ್ಚಿ. ಮಕ್ಕಳು ತಾವೇ ಮಾಡಿದ್ದನ್ನ ಕೊಂಡಿದ್ದಕ್ಕಿಂತ ಜೋಪಾನವಾಗಿ ಇಟ್ಕೋತಾರೆ, ಮಾಡ್ತಾ ಮಾಡ್ತಾ ಮಾತೂ ಬರುತ್ತೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಪುನರುತ್ಥಾನ ಬಾಯಲ್ಲೇ ಸೇರಿಸಿ ಹೇಳ್ಬೇಕಲ್ಲ ಅದಕ್ಕೆ ಕಮ್ಮಿ. ಮನೇಲಿ ಒಬ್ಬರಿಗೊಬ್ಬರು ಹೇಳೋ ಮನಸ್ಸಿದ್ರೆ ತಗೊಳ್ಳಿ, ಹೊರಗಡೆ ಹಂಚೋಕೆ ಮಾತ್ರ ಅಂದ್ರೆ ಬೇಡ. ಪ್ರತಿ ಸಲ ತೆಗೆಯೋ ಮುಂಚೆ ಅಪೊಸ್ತಲರ ಕೃತ್ಯಗಳು 4:29 ಓದಿ ಪ್ರಾರ್ಥನೆ ಮಾಡಿ, ಅಧಿಕಾರಿಗಳ ಮುಂದೆ ನಿಂತು ಮಾತಾಡಿ ಬಂದಿದ್ದ ಪೇತ್ರ ಯೋಹಾನರೇ ಸಭೆಯವರ ಜೊತೆ ಸೇರಿ ಮತ್ತೆ ಧೈರ್ಯ ಕೊಡು ಅಂತ ಕೇಳ್ಕೊಂಡ್ರು, ನಾವು ಕೇಳದೇ ಇರೋದು ಹೇಗೆ. ನಾಲ್ಕೈದು ವರ್ಷದ ಮಕ್ಕಳಿಂದ ಬಳಸಬಹುದು, ಅದಕ್ಕಿಂತ ಚಿಕ್ಕವರು ಬಾಯಿಗೆ ಹಾಕ್ಕೋತಾರೆ, ಪಿನ್ ಇರೋದ್ರಿಂದ ಕೊಡಬೇಡಿ. ಸೈಜ್ ಕೇಳಿದ್ರೆ ಅಜ್ಜ ಅಜ್ಜಿ ಇರೋ ಮನೆಗೆ ಮಧ್ಯದ ಸೈಜ್ ತಗೊಳ್ಳಿ, ಪುಟ ಹಿಡಿಯೋಕೆ ಅವರ ಬೆರಳಿಗೆ ಅದೇ ಸುಲಭ.